ಎದೆಯ ಮೇಲಿನ ಬಿಲ್ಲೆ

ಹಳೆಯ ಮೈಸೂರಿನ ಕಚೇರಿಗಳನ್ನು ಕಂಡವರಿಗೆ ಬಿಲ್ಲೆ ಎಂಬ ಮಾತು ಹೊಸದಲ್ಲ. ಜವಾನನ ಎದೆಗೆ ಅಡ್ಡಲಾಗಿ ಡವಾಲಿ, ಅದರ ಮೇಲೊಂದು ಹಿತ್ತಾಳೆಯ ಬಿಲ್ಲೆ. ಅಮಲ್ದಾರರ ದರ್ಪವೆಲ್ಲ ಅದರಲ್ಲಿ ಫಳಫಳ ಹೊಳೆಯುತ್ತಿತ್ತು. ಇಂದು ನಾನು ಹೇಳಹೊರಟಿರುವುದೂ ಒಂದು ಬಿಲ್ಲೆಯ ಚರಿತ್ರೆಯನ್ನೇ. ಆದರೆ ಇದು ಅಧಿಕಾರದ ಬಿಲ್ಲೆಯಲ್ಲ. ಅಮೆರಿಕದ ಮಕ್ಕಳು ಅಂಗಿಗೆ ಚುಚ್ಚಿಕೊಂಡು ಬೀದಿಯಲ್ಲಿ ಮೆರೆದ, ಒಂದು ಅಂಗುಲದ ಆಸುಪಾಸಿನ, ಹಿಂದೆ ಪಿನ್ನು ಮುಂದೆ ಚಿತ್ರಕಥೆಯ ಪಾತ್ರವೊಂದರ ಮುಖವುಳ್ಳ ಪುಟ್ಟ ಬಿಲ್ಲೆ.

ಹಳಗನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೂ ಇದಕ್ಕೂ ಎತ್ತಣ ಸಂಬಂಧವೆಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅವಳು ನನ್ನನ್ನು ಹಳೆಯ ಸಾಮಾನುಗಳ ಸಂತೆಗೆ ಕರೆದೊಯ್ದಳು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೈಯಾಡಿಸಿ ಏನನ್ನೋ ತೆಗೆದು ನನ್ನ ಅಂಗೈ ಮೇಲಿಟ್ಟು, "ಅಪ್ಪಾ, ಇವನು ಯಾರು ಹೇಳಿ ನೋಡೋಣ" ಎಂದಳು. ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ತಲೆಗವಸು, ಕಣ್ಣಿಗೆ ಮುಖವಾಡ. ಗುರುತಿಸಲು ಕ್ಷಣವೂ ಬೇಕಾಗಲಿಲ್ಲ. ಫ್ಯಾಂಟಮ್!

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಕಾಡಿನ ವೀರ 1964ರಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಮೊದಲ ಸಂಚಿಕೆಯ ನಾಯಕನಾಗಿ ನಮ್ಮ ದೇಶದ ಹುಡುಗರ ಕೈಸೇರಿದ. ನಮ್ಮ ತಾಲ್ಲೂಕು ಊರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಸರದಿ ಕಾಯುತ್ತ ನಾನು ಅವನನ್ನು ಮೊದಲು ಕಂಡದ್ದು. ಭಾಷೆ ಇಂಗ್ಲಿಷು, ಅರ್ಧ ಚಿತ್ರದಿಂದ, ಅರ್ಧ ಊಹೆಯಿಂದ ಓದು ಸಾಗುತ್ತಿತ್ತು. ಕಾಲಕ್ರಮದಲ್ಲಿ ಒಂದು ತಗಡಿನ ಪೆಟ್ಟಿಗೆ ತುಂಬುವಷ್ಟು ಸಂಚಿಕೆಗಳು ಸೇರಿದವು. ಎಂ.ಎ. ಪದವಿ ಬಂದ ವರ್ಷ, ಪಂಪಭಾರತ ಇಡುವ ಮನೆಯಲ್ಲಿ ಇದೆಂಥ ಕಸವೆಂದು ನನಗೇ ನಾಚಿಕೆಯೆನಿಸಿ, ಅಷ್ಟನ್ನೂ ರದ್ದಿಯವನ ತಕ್ಕಡಿಗೆ ಹಾಕಿದೆ. ಈ ಸಂಗತಿಯನ್ನು ವಿದ್ಯಾರ್ಥಿಗಳಿಗಾಗಲಿ ಸಹೋದ್ಯೋಗಿಗಳಿಗಾಗಲಿ ನಾನು ಹೇಳಿದ್ದೇ ಇಲ್ಲ. ಮಗಳಿಗೆ ಮಾತ್ರ ಯಾವಾಗಲೋ ಹೇಳಿದ್ದೆನೆಂದು ಕಾಣುತ್ತದೆ.

ಆ ಬಿಲ್ಲೆಯ ಬೆನ್ನುಹತ್ತಿ ಹೋದಾಗ ತಿಳಿದುಬಂದ ವಿಷಯಗಳು ನನ್ನ ಪಾಂಡಿತ್ಯದ ಬಿಗುಮಾನವನ್ನು ಸಾಕಷ್ಟು ಇಳಿಸಿದವು.

ಮೊದಲು ಇದರ ಹುಟ್ಟು. ಹತ್ತಿಯನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ, ಅದಕ್ಕೆ ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್ ಆಗುತ್ತದೆ. ನಾವು ಆರತಿಗೆ ಹಚ್ಚುವ ಕರ್ಪೂರವೇ! ಅದು ಆಗ ಹೆಚ್ಚಾಗಿ ಫಾರ್ಮೋಸಾ ದ್ವೀಪದ ಮರಗಳಿಂದ ಬರುತ್ತಿತ್ತು. ಜಾನ್ ವೆಸ್ಲಿ ಹಯಟ್ ಎಂಬಾತ 1870ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದು, ಮುಂದೆ ನ್ಯೂಜೆರ್ಸಿಯ ನ್ಯೂವಾರ್ಕ್ ನಗರದಲ್ಲಿ ಕಾರ್ಖಾನೆ ಹೂಡಿದ. ಅದೇ ಊರಿನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಇದರಿಂದ ಬಿಲ್ಲೆ ಮಾಡುವ ಹದವನ್ನು ಕಂಡುಕೊಂಡಿತು. ದುಂಡಗೆ ಕತ್ತರಿಸಿದ ಚಿತ್ರದ ಕಾಗದ, ಅದರ ಮೇಲೆ ಗಾಜಿನಂತೆ ತಿಳಿಯಾದ ಸೆಲ್ಯುಲಾಯ್ಡಿನ ಹಾಳೆ. ಎರಡನ್ನೂ ಲೋಹದ ಚಿಪ್ಪಿನ ಮೇಲೆ ಬಿಗಿದು ಹಿಂದಿನಿಂದ ಉಂಗುರವೊಂದನ್ನು ಒತ್ತಿ ಕೂರಿಸುವುದು. ಆ ಉಂಗುರದೊಳಗೆ ಪಿನ್ನಿನ ತಂತಿ. ಇಷ್ಟೇ. 1896ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೆಕಿನ್ಲಿ ಮತ್ತು ಬ್ರಯನ್ ಅವರ ಮುಖ ಹೊತ್ತ ಬಿಲ್ಲೆಗಳು ದೇಶವನ್ನೇ ತುಂಬಿದವು.

ಬಿಲ್ಲೆಯ ಬೆನ್ನಿಗೆ ಒಂದು ಚೂರು ಕಾಗದವನ್ನು ಸೇರಿಸುತ್ತಿದ್ದರು. ಅದರಲ್ಲಿ ತಯಾರಕರ ಹೆಸರು, ಊರು, ಪೇಟೆಂಟಿನ ತಾರೀಖು. ಇದನ್ನು ಕಂಡಾಗ ನನಗೆ ಓಲೆಗರಿಗಳ ನೆನಪಾಯಿತು. ನಮ್ಮ ಲಿಪಿಕಾರರು ಕೊನೆಯ ಗರಿಯಲ್ಲಿ ತಮ್ಮ ಹೆಸರು, ಸಂವತ್ಸರ, ತಿಥಿ ಬರೆದಿಡುತ್ತಿದ್ದರಲ್ಲವೇ? ಅಲ್ಲಿಯಂತೆ ಇಲ್ಲಿಯೂ ಒಂದು ಬೋನು ಇದೆ. ಲಿಪಿಕಾರನು ಮೂಲಪ್ರತಿಯ ತಿಥಿಯನ್ನೇ ನಕಲು ಮಾಡಿದ್ದರೆ ನಾವು ಪ್ರತಿಯ ಕಾಲವನ್ನು ತಪ್ಪಾಗಿ ಎಣಿಸುತ್ತೇವೆ. ವೈಟ್‌ಹೆಡ್ ಅಂಡ್ ಹೋಗ್ ಬಿಲ್ಲೆಯ ಬೆನ್ನಿನಲ್ಲಿ ಜುಲೈ 21, 1896 ಎಂದು ಕಂಡೊಡನೆ ಹೊಸ ಸಂಗ್ರಾಹಕ ಹಿಗ್ಗುತ್ತಾನೆ. ಅದು ಪೇಟೆಂಟಿನ ದಿನಾಂಕ, ಬಿಲ್ಲೆಯ ಜನ್ಮದಿನವಲ್ಲ! ವರ್ಷಗಳು ಕಳೆದ ಮೇಲೂ ಅದೇ ತಾರೀಖು ಅಚ್ಚಾಗುತ್ತಿತ್ತು. ಗ್ರಂಥಸಂಪಾದನೆಯ ವಿವೇಕ ಬಿಸ್ಕತ್ತಿನ ಡಬ್ಬಿಯ ಮುಂದೆಯೂ ಬೇಕಾಗುತ್ತದೆ.

ಈ ಬಿಲ್ಲೆಗೇರಿದ ಮೊದಲ ಚಿತ್ರಕಥೆಯ ಪಾತ್ರಗಳಲ್ಲಿ ಹಿರಿಯ ಸ್ಥಾನ ಹಳದಿ ಹುಡುಗನದು, ಯೆಲ್ಲೋ ಕಿಡ್‌ನದು. ರಿಚರ್ಡ್ ಔಟ್‌ಕಾಲ್ಟ್ ಎಂಬ ಚಿತ್ರಕಾರ 1895ರಿಂದ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯಲ್ಲಿ 'ಹೋಗನ್ಸ್ ಆಲಿ' ಎಂಬ ಬಡವರ ಓಣಿಯೊಂದನ್ನು ಚಿತ್ರಿಸುತ್ತಿದ್ದ. ಅಲ್ಲಿ ಹಡಗಿನಿಂದಿಳಿದ ವಲಸಿಗರ ಮಕ್ಕಳು, ನಾಯಿ, ಬೆಕ್ಕು, ಜಗಳ, ಗದ್ದಲ. ನಡುವೆ ಬೋಳುತಲೆಯ, ಆನೆಕಿವಿಯ, ಪಾದದವರೆಗೆ ಇಳಿಬಿದ್ದ ನಿಲುವಂಗಿಯ ಒಬ್ಬ ಹುಡುಗ. ಕೊಳಗೇರಿಯಲ್ಲಿ ಹೇನಿನ ಕಾಟಕ್ಕೆ ತಲೆ ಬೋಳಿಸುವುದು ವಾಡಿಕೆಯಾಗಿತ್ತು. ಅವನ ಮಾತು ಬಾಯಿಂದ ಬರುವುದಕ್ಕಿಂತ ಹೆಚ್ಚಾಗಿ ಆ ಹಳದಿ ಅಂಗಿಯ ಮೇಲೆ, ಬೀದಿಯ ಒರಟು ಇಂಗ್ಲಿಷಿನಲ್ಲಿ, ಅಚ್ಚಾಗಿರುತ್ತಿತ್ತು. ಅಂಗಿಯೇ ಸ್ಲೇಟು. 1896ರಲ್ಲಿ ಹರ್ಸ್ಟ್ ಹೆಚ್ಚು ಹಣ ತೋರಿಸಿ ಔಟ್‌ಕಾಲ್ಟನನ್ನು ತನ್ನ 'ಜರ್ನಲ್' ಪತ್ರಿಕೆಗೆ ಸೆಳೆದ. ಪುಲಿಟ್ಜರ್ ಸುಮ್ಮನಿರುವವನೇ? ಜಾರ್ಜ್ ಲಕ್ಸ್ ಎಂಬ ಇನ್ನೊಬ್ಬ ಚಿತ್ರಕಾರನಿಂದ ಅದೇ ಹುಡುಗನನ್ನು ಬರೆಸಿದ. ಒಂದೇ ಊರಿನಲ್ಲಿ ಇಬ್ಬರು ಹಳದಿ ಹುಡುಗರು! 'ಹಳದಿ ಪತ್ರಿಕೋದ್ಯಮ' ಎಂಬ ಬೈಗುಳಕ್ಕೂ ಈ ಜಗಳಕ್ಕೂ ನಂಟಿದೆ.

ಇದೇ ಹುಡುಗನನ್ನು ಹೈ ಅಡ್ಮಿರಲ್ ಸಿಗರೇಟಿನವರು ತಮ್ಮ ಬಿಲ್ಲೆಗಳ ಮೇಲೆ ನಿಲ್ಲಿಸಿದರು. ಒಂದಾದ ಮೇಲೊಂದು ಸಂಖ್ಯೆಯಿತ್ತು ನೂರಕ್ಕೂ ಮಿಕ್ಕ ಬಿಲ್ಲೆಗಳನ್ನು ಹೊರಡಿಸಿದರು. ಸಂಖ್ಯೆಯಿದ್ದರೆ ಮುಂದಿನದು ಬೇಕೆನಿಸುತ್ತದೆ ಎಂಬ ಮನುಷ್ಯಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಗಿಲ್ಲದ ಓಣಿಯ ಹುಡುಗ ತಂಬಾಕಿನ ವಕೀಲನಾದ. ಇದನ್ನು ನೆನೆದಾಗ ನನಗೆ ನಗುವಿಗಿಂತ ಸಂಕಟವೇ ಹೆಚ್ಚು. ಔಟ್‌ಕಾಲ್ಟ್ ತನ್ನ ಹುಡುಗನ ಹಕ್ಕನ್ನು ಕಾಯ್ದಿಟ್ಟುಕೊಳ್ಳಲು ಸರ್ಕಾರಕ್ಕೆ ಬರೆದುಕೊಂಡರೂ ಆ ಹುಡುಗ ಅವನ ಕೈಯಲ್ಲಿ ನಿಲ್ಲಲಿಲ್ಲ. ಆದರೆ ಪಾಠ ಕಲಿತ. 1902ರಲ್ಲಿ ಹುಟ್ಟಿಸಿದ ಬಸ್ಟರ್ ಬ್ರೌನ್ ಎಂಬ ಸಿರಿವಂತರ ಮನೆಯ ತುಂಟನನ್ನು 1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಿ ಕಂಪನಿಗಳಿಗೆ ತಾನೇ ಮಾರಿದ. ಬೂಟಿನಂಗಡಿಯ ಬಿಲ್ಲೆಗಳಲ್ಲಿ ಆ ತುಂಟ ಬಹುಕಾಲ ಬಾಳಿದ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1930ರ ಸುಮಾರಿಗೆ ಚಿತ್ರಮಂದಿರಗಳಲ್ಲಿ ಮಿಕ್ಕಿ ಮೌಸ್ ಸಂಘಗಳು ಹುಟ್ಟಿ ಸದಸ್ಯರಿಗೆ ಬಿಲ್ಲೆ ಹಂಚಿದವು. 1939ರಲ್ಲಿ ಸೂಪರ್‌ಮ್ಯಾನನ ಸಂಘ ಬಂತು. ಬಿಲ್ಲೆಯ ಜೊತೆಗೆ ಗುಪ್ತಲಿಪಿಯ ಕೀಲಿಯೂ ಅಂಚೆಯಲ್ಲಿ ಬರುತ್ತಿತ್ತು. ಈ ನಡುವೆ ಸೆಲ್ಯುಲಾಯ್ಡಿಗಿಂತ ಅಗ್ಗದ ಉಪಾಯವೊಂದು ರೂಢಿಗೆ ಬಂದಿತ್ತು. ತಗಡಿನ ಮೇಲೆ ನೇರವಾಗಿ ಬಣ್ಣದ ಚಿತ್ರ ಅಚ್ಚುಹಾಕಿ ದುಂಡಗೆ ಒತ್ತಿ ತೆಗೆಯುವುದು.

ನನ್ನ ಅಂಗೈ ಮೇಲಿದ್ದದ್ದು ಈ ಜಾತಿಯದು. ಕೆಲಾಗ್ ಕಂಪನಿಯ 'ಪೆಪ್' ಎಂಬುದು ಹಾಲಿನಲ್ಲಿ ಹಾಕಿಕೊಂಡು ತಿನ್ನುವ ಗೋಧಿಯ ಚಕ್ಕೆ, ನಮ್ಮ ಅವಲಕ್ಕಿಯ ದೂರದ ನೆಂಟ. 1945ರಿಂದ 1947ರವರೆಗೆ ಅದರ ಪೊಟ್ಟಣದೊಳಗೆ ಇಂಥ ತಗಡಿನ ಬಿಲ್ಲೆಯೊಂದು ಅಡಗಿರುತ್ತಿತ್ತು. ಒಟ್ಟು ಐದು ಮಾಲೆ, ಮಾಲೆಗೆ 18. ಸೂಪರ್‌ಮ್ಯಾನ್ ಮಾತ್ರ ಐದರಲ್ಲೂ ಇದ್ದುದರಿಂದ ಬೇರೆ ಬೇರೆ ಮುಖಗಳು 86. ಅವನಿಗೇಕೆ ಈ ವಿಶೇಷ ಮರ್ಯಾದೆ? ಬಾನುಲಿಯಲ್ಲಿ ಸೂಪರ್‌ಮ್ಯಾನ್ ಧಾರಾವಾಹಿಯ ಪ್ರಾಯೋಜಕರೇ ಈ ಪೆಪ್‌ನವರು. ಬಾನುಲಿಯಿಂದ ಮಾತನಾಡುತ್ತಿರುವ ನಾನು ಇದನ್ನು ಹೇಳದಿರಲಾರೆ: 1946ರಲ್ಲಿ ಅದೇ ಧಾರಾವಾಹಿ ಕೂ ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಪಡೆಯನ್ನು ಹೋಲುವ ಗುಂಪೊಂದನ್ನು ಸೂಪರ್‌ಮ್ಯಾನ್ ಎದುರಿಸುವ ಕಥೆಯನ್ನು 16 ಕಂತುಗಳಲ್ಲಿ ಬಿತ್ತರಿಸಿತು. ಅದನ್ನು ಕೇಳಿದ ಮಕ್ಕಳ ಎದೆಯ ಮೇಲೆ ಈ ಬಿಲ್ಲೆಗಳು ಇದ್ದಿರಬೇಕು. ಯಾವ ಸಾಹಿತ್ಯ ಚರಿತ್ರೆಯಲ್ಲಿ ಇದಕ್ಕೆ ಒಂದು ಪುಟ ಮೀಸಲಾಗಿದೆ?

ಇನ್ನು ಸಂಗ್ರಾಹಕರ ಲೋಕ. ಟೆಡ್ ಹೇಕ್ ಎಂಬವರು 1967ರಲ್ಲಿ ಇಂಥ ವಸ್ತುಗಳ ಅಂಚೆ ಹರಾಜನ್ನು ಆರಂಭಿಸಿ, ಮುಂದೆ ಬಿಲ್ಲೆಗಳ ಬಗೆಗೆ ಪುಸ್ತಕಗಳನ್ನೇ ಬರೆದರು. ಖೋಟಾ ಬಿಲ್ಲೆಗಳ ಹಾವಳಿಯೂ ಉಂಟು. 1973ರ ಕಾನೂನೊಂದು ಚುನಾವಣಾ ಬಿಲ್ಲೆಗಳ ಅನುಕರಣೆಗಳ ಮೇಲೆ ತಯಾರಾದ ವರ್ಷವನ್ನು ಮುದ್ರಿಸಬೇಕೆಂದು ವಿಧಿಸಿತು. ಪಾಪದ ಚಿತ್ರಕಥೆಗಳಿಗೆ ಆ ರಕ್ಷೆ ಸಿಗಲಿಲ್ಲ. ಸಂಗ್ರಾಹಕನ ದೊಡ್ಡ ಶತ್ರು ತೇವ. ಅಂಚಿನಿಂದ ನುಸುಳಿದ ನೀರು ಸೆಲ್ಯುಲಾಯ್ಡಿನ ಕೆಳಗಿನ ಕಾಗದಕ್ಕೆ ಕಂದು ಕಲೆ ತರುತ್ತದೆ, ತಗಡಾದರೆ ತುಕ್ಕು. ಆದ್ದರಿಂದ ಹೆಚ್ಚು ಬೆಲೆ ಬರುವುದು ಬಿಸಿಲು, ಮಳೆ, ಬೆವರು ಕಾಣದ ಬಿಲ್ಲೆಗೆ. ಎಂದರೆ ಯಾವ ಮಗುವೂ ಧರಿಸದೆ ಪೆಟ್ಟಿಗೆಯಲ್ಲೇ ಉಳಿದುದಕ್ಕೆ! ಈ ಲೆಕ್ಕಾಚಾರ ನನಗೆ ಒಪ್ಪಿಗೆಯಾಗದು. ಅಂಚು ಸವೆದು, ದೀಪದ ಮಸಿ ಹತ್ತಿ, ಹಲವು ಕೈ ದಾಟಿದ ಓಲೆಪ್ರತಿಯನ್ನು ನಾನು ಬಿಳಿಚಿಕೊಂಡ ಪ್ರತಿಗಿಂತ ಹೆಚ್ಚು ನಂಬಿದವನು. ಸವೆತ ಓದಿದವರ ಸಹಿ.

ಪೆಪ್ ಬಿಲ್ಲೆಗಳಲ್ಲಿ ಫ್ಯಾಂಟಮ್ ಉಳಿದವರಿಗಿಂತ ದುರ್ಲಭ, ದುಬಾರಿ. ಆದರೂ ಅಂದು ಸಂತೆಯ ವ್ಯಾಪಾರಿ ಅದನ್ನು ಸಲೀಸಾಗಿ ಕೊಟ್ಟ. ಕಾರಣ ಸ್ಪಷ್ಟವಾಗಿತ್ತು. ಪಿನ್ನು ಸೊಟ್ಟಗಾಗಿತ್ತು, ಅಂಚಿನಲ್ಲಿ ತುಕ್ಕು, ಬಿಲ್ಲೆಯನ್ನು ಚುಚ್ಚಿಕೊಳ್ಳುವಾಗ ಹೆಬ್ಬೆರಳು ಒತ್ತುವ ಜಾಗದಲ್ಲಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಮಗಳು ಅದನ್ನು ನನ್ನ ಕೋಟಿಗೆ ಚುಚ್ಚಿದಳು. ಸಂಜೆಯವರೆಗೂ ನಾನು ತೆಗೆಯಲಿಲ್ಲ.

ಊರಿಗೆ ಮರಳಿದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿದೆ. ಮೂರನೆಯ ದಿನ ಒಂದು ಇಂದ್ರಜಾಲ ಸಂಚಿಕೆ ಸಿಕ್ಕಿತು. ರಕ್ಷಾಪುಟ ಹರಿದಿತ್ತು, ಒಳಗೆ ಯಾರೋ ಹುಡುಗ ಪೆನ್ಸಿಲಿನಲ್ಲಿ ತನ್ನ ಹೆಸರು, ತರಗತಿ ಬರೆದಿದ್ದ. ಅಂಗಡಿಯಾತ ಹೇಳಿದ ಬೆಲೆ, ಅಂದು ರದ್ದಿಯವನು ಇಡೀ ಪೆಟ್ಟಿಗೆಗೆ ನನಗೆ ಕೊಟ್ಟ ಹಣಕ್ಕಿಂತ ಹೆಚ್ಚಾಗಿತ್ತು. ಚೌಕಾಸಿ ಮಾಡದೆ ಕೊಟ್ಟು ತಂದೆ.