ಮೊದಲ ಪರಮವೀರ ಸೋಮನಾಥ ಶರ್ಮಾ, ನಮ್ಮ ತಿಮ್ಮಯ್ಯ ಮತ್ತು ನೊಯಶಾತೆಲ್

ನಮ್ಮ ಮಕ್ಕಳಿಗೆ ಒಬ್ಬ ವೀರಯೋಧನ ಪರಿಚಯ ಮಾಡಿಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಬೆನ್ನುಹತ್ತಿದ್ದರು. ಕನ್ನಡಿಗನೇ ಆದರೆ ಒಳ್ಳೆಯದು ಎಂದೂ ಸೇರಿಸಿದ್ದರು. ನಾನು ಆರಿಸಿಕೊಂಡ ಮೇಜರ್ ಸೋಮನಾಥ ಶರ್ಮಾ ಕಾಂಗ್ಡಾದವರು. ಆದರೆ ಅವರ ಕಥೆಯೊಳಗೆ ಮಡಿಕೇರಿಯವರೊಬ್ಬರಿದ್ದಾರೆ, ಸ್ವಿಟ್ಜರ್ಲೆಂಡಿನವರೊಬ್ಬರೂ ಇದ್ದಾರೆ. ಕೊಡಗಿನವನಾದ ನನಗೆ ಇಷ್ಟು ನೆಪ ಸಾಕು.

ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ವಿಲಿಯಂ ಟೆಲ್ ಗೊತ್ತು, ಪರಮವೀರ ಚಕ್ರ ಗೊತ್ತಿಲ್ಲ. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಭಾರತ ಕೊಡುವ ಅತ್ಯುನ್ನತ ಪದಕ ಅದು. ಈವರೆಗೆ 21 ಮಂದಿಗೆ ಸಂದಿದೆ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಮೊದಲನೆಯವರೇ ಶರ್ಮಾ.

1923ರ ಜನವರಿ 31ರಂದು ಹುಟ್ಟಿದ ಅವರು ಸೇನಾ ವೈದ್ಯರ ಮಗ. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ವಿ.ಎನ್. ಶರ್ಮಾ ಸೋಮನಾಥರ ತಮ್ಮ. ಸೋಮನಾಥರು 1942ರ ಫೆಬ್ರವರಿಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ ಸೇರಿದರು. 1945ರಲ್ಲಿ ಆ ರೆಜಿಮೆಂಟಿಗೆ ಕುಮಾವೂನ್ ಎಂದು ಹೆಸರಾಯಿತು. ಬರ್ಮಾದ ಅರಕಾನಿನಲ್ಲಿ ಜಪಾನೀಯರೊಡನೆ ಕಾದಾಡುವಾಗ ಆ ಬೆಟಾಲಿಯನ್ನಿಗೆ ಕಮಾಂಡಿಂಗ್ ಆಫೀಸರ್ ಯಾರು? ನಮ್ಮ ಮಡಿಕೇರಿಯ ಕೊಡಂದೇರ ತಿಮ್ಮಯ್ಯ! ಸುಬೇದಾರರಾಗಿ ನಿವೃತ್ತರಾಗಿದ್ದ ನನ್ನ ಅಜ್ಜನಿಗೆ ತಿಮ್ಮಯ್ಯನವರ ಮಾತು ಬಂದರೆ ಊಟದ ನೆನಪೂ ಇರುತ್ತಿರಲಿಲ್ಲ, ಬಡಿಸಿದ ಕಡಂಬುಟ್ಟು ಅಲ್ಲೇ ಆರುತ್ತಿತ್ತು. ಈ ಪ್ರಸಂಗ ಅಜ್ಜನಿಗೆ ಬಹಳ ಪ್ರಿಯ:

ದಳ ಹಿಂದೆ ಸರಿಯುತ್ತಿದೆ. ಶರ್ಮಾರ ಆರ್ಡರ್ಲಿ ಬಹಾದೂರ್‌ಗೆ ಗುಂಡೇಟು ಬಿದ್ದು ನಡೆಯಲಾಗುತ್ತಿಲ್ಲ. ಶರ್ಮಾ ಅವನನ್ನು ಹೆಗಲ ಮೇಲೆ ಹಾಕಿಕೊಂಡರು. ಭಾರಕ್ಕೆ ಹಿಂದೆ ಬೀಳುತ್ತಿದ್ದ ಅವರನ್ನು ಕಂಡ ತಿಮ್ಮಯ್ಯನವರು, ಅವನನ್ನು ಅಲ್ಲೇ ಬಿಟ್ಟು ಬೇಗ ಬಾ ಎಂದರು. ಇವನು ನನ್ನವನು, ಗಾಯವಾಗಿದೆ, ಬಿಟ್ಟು ಬರಲಾರೆ ಎಂದ ಶರ್ಮಾ ಹೊತ್ತೇ ನಡೆದರು. ಶರ್ಮಾರ ಮನೆಯವರೂ ಹೇಳುವ ಕಥೆಯಿದು. ಇದನ್ನು ಹೇಳುವಾಗ ನಮ್ಮ ಅಜ್ಜ ತಿಮ್ಮಯ್ಯನವರ ಮಾತನ್ನು ತುಸು ತೇಲಿಸಿಬಿಡುತ್ತಿದ್ದರು. ನನಗಂತೂ ಇಬ್ಬರದೂ ಸರಿ ಅನ್ನಿಸುತ್ತದೆ: ಕಮಾಂಡರ್‌ಗೆ ಇಡೀ ದಳ ಉಳಿಯಬೇಕು, ಇವರಿಗೆ ಒಬ್ಬನನ್ನೂ ಬಿಡಲು ಮನಸ್ಸಿಲ್ಲ.

1947ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. ಶರ್ಮಾರಿಗೆ ಹಾಕಿಯಾಟದಲ್ಲಿ ಎಡಗೈ ಮುರಿದು ಪ್ಲಾಸ್ಟರ್ ಹಾಕಿದ್ದರು. ಬೇಡವೆಂದರೂ ಕೇಳದೆ ಕುಮಾವೂನ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿನ ತಮ್ಮ ‘ಡಿ’ ಕಂಪನಿಯ ಜೊತೆ ಶ್ರೀನಗರಕ್ಕೆ ಬಂದಿಳಿದರು. ಅಲ್ಲಿನ ಬ್ರಿಗೇಡ್ ಕಮಾಂಡರ್ ಎಲ್.ಪಿ. ಸೇನ್. ಅರಕಾನಿನ ಕಾಂಗಾ ಕದನದಲ್ಲಿ ತಿಮ್ಮಯ್ಯನವರ ಜೊತೆ ಒಂದೇ ಬ್ರಿಗೇಡಿನಲ್ಲಿ ಇನ್ನೊಂದು ಬೆಟಾಲಿಯನ್ ನಡೆಸಿದವರು.

ನವೆಂಬರ್ 3ರಂದು ವಿಮಾನ ನಿಲ್ದಾಣಕ್ಕೆ ಹತ್ತಿರದ ಬಡ್ಗಾಮ್ ಹಳ್ಳಿಗೆ ಗಸ್ತು ಹೋಯಿತು. ಬೆಳಗ್ಗೆಯೆಲ್ಲ ಶಾಂತ. ಉಳಿದ ಕಂಪನಿಗಳು ಮರಳಿದವು, ಶರ್ಮಾರ ಕಂಪನಿ ಉಳಿಯಿತು. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಮೂರು ಕಡೆಯಿಂದ ದಾಳಿ. ಎದುರಾಳಿಗಳ ಸಂಖ್ಯೆ ಏಳು ಪಟ್ಟು. ಬಡ್ಗಾಮ್ ಬಿದ್ದರೆ ವಿಮಾನ ನಿಲ್ದಾಣ ಬಿದ್ದಂತೆ, ಅದು ಬಿದ್ದರೆ ಭಾರತದಿಂದ ಒಂದು ತುಕಡಿಯೂ ಇಳಿಯುವಂತಿಲ್ಲ. ಶರ್ಮಾ ಗುಂಡಿನ ಮಳೆಯಲ್ಲೇ ಬಯಲಿನಲ್ಲಿ ಓಡಾಡುತ್ತ ಪ್ಲಟೂನುಗಳಿಗೆ ಧೈರ್ಯ ತುಂಬಿದರು, ನಮ್ಮ ವಿಮಾನಗಳಿಗೆ ಗುರಿ ಕಾಣಲೆಂದು ಬಟ್ಟೆಯ ಪಟ್ಟಿಗಳನ್ನು ಹಾಸಿದರು. ಜನ ಕಡಿಮೆಯಾದಾಗ ಒಂದೇ ಕೈಯಲ್ಲಿ ಮ್ಯಾಗಜಿನ್‌ಗಳಿಗೆ ಗುಂಡು ತುಂಬಿ ಲೈಟ್ ಮೆಷಿನ್‌ಗನ್ನಿನವರಿಗೆ ಕೊಡತೊಡಗಿದರು. ಶತ್ರು 50 ಗಜದಲ್ಲಿದ್ದಾನೆ, ಆದರೂ ಒಂದಿಂಚೂ ಹಿಂದೆ ಸರಿಯುವುದಿಲ್ಲ ಎಂಬ ಸಂದೇಶ ಬ್ರಿಗೇಡಿಗೆ ಹೋಯಿತು. ಅದರ ಬೆನ್ನಿಗೇ ಮಾರ್ಟರ್ ಗುಂಡೊಂದು ಪಕ್ಕದ ಮದ್ದುಗುಂಡುಗಳ ರಾಶಿಯ ಮೇಲೆ ಸಿಡಿಯಿತು. ಶರ್ಮಾ ಮಡಿದರು, ಅವರಿಗಾಗ 24 ವರ್ಷ. ಸೈನಿಕರು ಆಮೇಲೂ ಕಾದಾಡಿ ದಾಳಿಯನ್ನು ಗಂಟೆಗಟ್ಟಲೆ ತಡೆದರು. ವಿಮಾನ ನಿಲ್ದಾಣ ಉಳಿಯಿತು. ನವೆಂಬರ್ 7ರಂದು ಶಾಲಟೆಂಗ್‌ನಲ್ಲಿ ಸೇನ್ ದಾಳಿಕೋರರನ್ನು ಸೋಲಿಸಿದರು.

1950ರಲ್ಲಿ ಪದಕ ಘೋಷಣೆಯಾಯಿತು. ಇನ್ನು ಸ್ವಿಸ್ ನಂಟು. ಪದಕದಲ್ಲಿ ಇಂದ್ರನ ವಜ್ರಾಯುಧ ಕೆತ್ತಿದೆ, ಮಕ್ಕಳೇ. ದಧೀಚಿ ಋಷಿ ಕೊಟ್ಟ ಎಲುಬಿನಿಂದಾದದ್ದು ಅದು. ಆ ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ 1913ರಲ್ಲಿ ನಮ್ಮ ನೊಯಶಾತೆಲ್‌ನಲ್ಲೇ ಹುಟ್ಟಿದವರು, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ನಮ್ಮವರೇ ಆದವರು. ಅವರ ಮಗಳನ್ನು ತಂದುಕೊಂಡದ್ದು ಸೋಮನಾಥರ ಇನ್ನೊಬ್ಬ ತಮ್ಮನಿಗೆ. ಹೀಗೆ ಮೊದಲ ಪದಕ ಬೀಗರ ಮನೆಗೇ ಹೋಯಿತು.

ಮುಂದಿನ ಪಿಕ್ನಿಕ್ಕನ್ನು ನೊಯಶಾತೆಲ್‌ನಲ್ಲೇ ಇಡಬಹುದಲ್ಲ? ಕೆರೆಯೂ ಇದೆ, ಸಮಿತಿಯವರು ಚಿತ್ರಾನ್ನಕ್ಕೂ ಒಪ್ಪುತ್ತಾರೆ.