ಮೀನಿಗೊಂದು ಮನೆ, ಅಳತೆ ಎಷ್ಟು?

ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ ಮುಗಿಸಿದವರು ನೇರವಾಗಿ ಇಳಿಯುವುದು ತುಂಗಾ ತೀರದ ಮೆಟ್ಟಿಲುಗಳಿಗೆ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಮುತ್ತಿಕೊಳ್ಳುತ್ತವೆ. ಇವು ದೇವರ ಮೀನುಗಳು. ಇಲ್ಲಿ ಗಾಳ ಹಾಕುವವರಿಲ್ಲ, ಬಲೆ ಬೀಸುವವರಿಲ್ಲ. ಅದನ್ನು ನೋಡಿ ಬಂದ ಮಕ್ಕಳು ಮನೆಯಲ್ಲೂ ಮೀನು ಸಾಕೋಣವೆಂದು ಹಟ ಹಿಡಿಯುವುದು ಸಹಜ. ಆಗ ಹಿರಿಯರ ಮುಂದೆ ಬರುವ ಮೊದಲ ಪ್ರಶ್ನೆ: ಗಾಜಿನ ತೊಟ್ಟಿ ಎಷ್ಟು ದೊಡ್ಡದಿರಬೇಕು?

ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಕೇಳುವ ಪ್ರಶ್ನೆ. ಆದರೆ ಅದರ ಹಿಂದೆ ಶತಮಾನಗಳ ಚರಿತ್ರೆಯಿದೆ. ಮೀನನ್ನು ನೀರಿನಿಂದ ತೆಗೆದು ಮನೆಯೊಳಗೆ ತಂದ ಮನುಷ್ಯ, ಅದಕ್ಕೆ ಎಷ್ಟು ನೀರು ಬೇಕೆಂದು ಕಲಿತದ್ದು ಬಹಳ ನಿಧಾನವಾಗಿ.

ಕನ್ನಡ ನಾಡಿನ ಅರಸರಿಗೆ ಮೀನಿನ ನಂಟು ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೀನುಗಳ ಜಾತಿ ಯಾವುವು, ಯಾವುದಕ್ಕೆ ಯಾವ ಆಹಾರ, ಗಾಳದ ದಾರ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಆದರೆ ಅದು ಹೊಳೆ, ಕೆರೆಗಳ ದಂಡೆಯ ವಿನೋದ. ಮೀನು ಇದ್ದಲ್ಲಿಗೆ ಅರಸ ಹೋಗುತ್ತಿದ್ದನೇ ಹೊರತು ಅರಸನ ಕೋಣೆಗೆ ಮೀನು ಬರುತ್ತಿರಲಿಲ್ಲ.

ಮೀನನ್ನು ಮನೆಯೊಳಗೆ ತಂದವರು ಚೀನೀಯರು. ಸುಂಗ್ ವಂಶದ ಕಾಲದಲ್ಲಿ ಕೊಳಗಳಲ್ಲಿ ಸಾಕುತ್ತಿದ್ದ ಹೊಂಬಣ್ಣದ ಮೀನುಗಳು ಮಿಂಗ್ ವಂಶದ ಕಾಲಕ್ಕೆ ಮಣ್ಣಿನ, ಪಿಂಗಾಣಿಯ ಬಾನಿಗಳಿಗೆ ಬಂದವು. ಬಾನಿಯ ಮೀನನ್ನು ನೋಡಲು ಸಾಧ್ಯವಿದ್ದುದು ಮೇಲಿನಿಂದ ಮಾತ್ರ. ಪಕ್ಕದಿಂದ ನೋಡಬೇಕಾದರೆ ಅಗ್ಗದ, ಒಳ್ಳೆಯ ಗಾಜು ಬೇಕಿತ್ತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದದ್ದು 1845ರಲ್ಲಿ. ಅದಕ್ಕೂ ಮುಂಚೆ, 1832ರ ಸುಮಾರಿಗೆ, ಸಿಸಿಲಿಯಲ್ಲಿ ನೆಲೆಸಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ ಪವರ್ ಕಡಲಜೀವಿಗಳನ್ನು ಅಭ್ಯಾಸ ಮಾಡಲೆಂದೇ ಗಾಜಿನ ತೊಟ್ಟಿಗಳನ್ನು ಮಾಡಿಸಿದ್ದರು.

1850ರಲ್ಲಿ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ತೊಟ್ಟಿಯೊಳಗಿನ ಸಸ್ಯಕ್ಕೂ ಮೀನಿಗೂ ಇರುವ ಕೊಡುಕೊಳೆಯನ್ನು ವಿವರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮಾತಾಗಿಸಿತು. ಅದರ ಬೆನ್ನಲ್ಲೇ ಇಂಗ್ಲೆಂಡಿಗೆ ತೊಟ್ಟಿಯ ಹುಚ್ಚು ಹಿಡಿಯಿತು. ಜನ ಕಡಲ ದಂಡೆಗೆ ಮುಗಿಬಿದ್ದು ಬಂಡೆಗಳ ನಡುವಿನ ಜೀವಿಗಳನ್ನು ಬಾಚಿ ಒಯ್ದರು. ಆ ದಂಡೆಗಳು ಬರಿದಾದುದನ್ನೂ, ತನ್ನ ಪುಸ್ತಕವೇ ಅದಕ್ಕೆ ಕಾರಣವಾಯಿತೆಂದು ಗಾಸ್ ಕೊರಗಿದುದನ್ನೂ ಅವರ ಮಗ ಎಡ್ಮಂಡ್ ಮುಂದೆ ದಾಖಲಿಸಿದ್ದಾರೆ.

ಭಾರತದಲ್ಲಿ ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯ 1951ರಲ್ಲೂ, ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲೂ ಆರಂಭವಾದವು. ಈ ನಡುವೆ ತೊಟ್ಟಿ ಕಟ್ಟುವ ಬಗೆಯೇ ಬದಲಾಯಿತು. ಮೊದಲು ಲೋಹದ ಚೌಕಟ್ಟಿಗೆ ಗಾಜು ಕೂರಿಸಿ ಸಂದುಗಳಿಗೆ ಪುಟ್ಟಿ ಮೆತ್ತಬೇಕಿತ್ತು. 1960ರ ದಶಕದಿಂದೀಚೆಗೆ ಸಿಲಿಕೋನ್ ಅಂಟು ಬಂದು ಗಾಜಿಗೆ ಗಾಜನ್ನೇ ಅಂಟಿಸುವುದು ಸಾಧ್ಯವಾಯಿತು. ದೊಡ್ಡ ತೊಟ್ಟಿಗಳು ಸಾಮಾನ್ಯರ ಮನೆಗೂ ಬಂದವು. ಅಳತೆಯ ಪ್ರಶ್ನೆ ಗಂಭೀರವಾದದ್ದು ಆಗಲೇ.

ತೊಟ್ಟಿ ಚಿಕ್ಕದಾದಷ್ಟೂ ಸಾಕುವುದು ಸುಲಭ ಎಂಬ ಭಾವನೆ ಅನೇಕರಲ್ಲಿದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ನೀರು ಹೆಚ್ಚಿದ್ದರೆ ವಿಷ ತೆಳುವಾಗುತ್ತದೆ, ಕಡಿಮೆಯಿದ್ದರೆ ಬೇಗ ಏರುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತಂದ ದಿನವೇ ತೊಟ್ಟಿ ತುಂಬ ಮೀನು ಬಿಟ್ಟವರು ವಾರದೊಳಗೆ ಒಂದೊಂದಾಗಿ ಎತ್ತಿ ಹಾಕಬೇಕಾಗಿ ಬರುವುದು ಇದರಿಂದಲೇ. ತೊಟ್ಟಿಗೆ ತಕ್ಕಂತೆ ಮೀನು ಬೆಳೆಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಕೆಟ್ಟ ನೀರಿನಲ್ಲಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಅಷ್ಟೆ. ಬೆರಳುದ್ದವಿದ್ದಾಗ ಕೊಂಡ ಗೋಲ್ಡ್‌ಫಿಷ್ ಒಂದಡಿಯವರೆಗೂ ಬೆಳೆಯಬಲ್ಲದು. ಆದುದರಿಂದ ಲೆಕ್ಕ ಹಾಕಬೇಕಾದದ್ದು ಇಂದಿನ ಮರಿಯದ್ದಲ್ಲ, ನಾಳೆಯ ಮೀನಿನದು.

ಆಕಾರವೂ ಮುಖ್ಯ. ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಹಿಡಿಯುವುದು 9 ಘನ ಅಡಿ ನೀರು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಮೂರಡಿ ಎತ್ತರದ ತೊಟ್ಟಿ ಹಿಡಿಯುವುದೂ ಅಷ್ಟೇ. ಆದರೆ ಮೊದಲನೆಯದರ ಮೇಲ್ಮೈ 6 ಚದರಡಿ, ಎರಡನೆಯದರದ್ದು ಬರೀ 3. ಎತ್ತರದ ತೊಟ್ಟಿ ನೋಡಲು ಚೆಂದ, ಮೀನಿಗೆ ಉಸಿರುಗಟ್ಟು. ಜೊತೆಗೆ ಗಾಜಿನ ಮೇಲೆ ಬೀಳುವ ಒತ್ತಡ ಎತ್ತರದೊಂದಿಗೆ ಏರುವುದರಿಂದ ದಪ್ಪ ಗಾಜಿನ ಖರ್ಚೂ ಹೆಚ್ಚು.

ಇನ್ನು ಭಾರದ ವಿಚಾರ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಮೇಲೆ ಹೇಳಿದ ನಾಲ್ಕಡಿಯ ತೊಟ್ಟಿಯ ನೀರೇ ಸುಮಾರು 255 ಕಿಲೋ. ಗಾಜು, ಮರಳು, ಕಲ್ಲು, ಸ್ಟ್ಯಾಂಡು ಸೇರಿದರೆ 300 ಕಿಲೋ ದಾಟುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಾದರೆ ನೀರೊಂದೇ ಸುಮಾರು 680 ಕಿಲೋ. ಐವತ್ತು ಕಿಲೋದ ಹದಿಮೂರಕ್ಕೂ ಹೆಚ್ಚು ಅಕ್ಕಿ ಮೂಟೆಗಳನ್ನು ಒಂದೇ ಮಂಚದಷ್ಟು ಜಾಗದಲ್ಲಿ ಪೇರಿಸಿಟ್ಟ ಹಾಗೆ. ಭಾರತೀಯ ಮಾನಕದ ಪ್ರಕಾರ ವಾಸದ ಮನೆಯ ನೆಲವನ್ನು ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಯ ಲೆಕ್ಕದಲ್ಲಿ. ಆರಡಿಯ ತೊಟ್ಟಿ ತನ್ನ ಬುಡದಡಿ ಹೇರುವುದು ಅದರ ಮೂರು ಪಟ್ಟು. ನೆಲ ಕೂಡಲೇ ಕುಸಿದೀತೆಂದಲ್ಲ. ಕೋಣೆಯ ಉಳಿದ ಭಾಗದಲ್ಲಿ ಹೊರೆ ಕಡಿಮೆಯಿರುತ್ತದೆ. ಆದರೂ ಮಹಡಿಯಲ್ಲಿ ಇಡುವವರು ಕೋಣೆಯ ನಡುವೆ ಇಡದೆ ಭಾರ ಹೊರುವ ಗೋಡೆಗೆ ಒತ್ತಿ ಇಡಬೇಕು, ಎಂಜಿನಿಯರರನ್ನು ಮೊದಲೇ ಕೇಳಬೇಕು.

ಮಲೆನಾಡಿನ ಹಳೆಯ ಮನೆಗಳಿಗೆ ಈ ಮಾತು ಇನ್ನಷ್ಟು ಅನ್ವಯ. ಕುವೆಂಪು ಜನಿಸಿದ ಹಿರೇಕೊಡಿಗೆಯಾಗಲಿ, ಕೊಪ್ಪ, ನರಸಿಂಹರಾಜಪುರದ ಸುತ್ತಲಿನ ಇತರ ಊರುಗಳಾಗಲಿ, ಹಳೆಯ ತೊಟ್ಟಿಮನೆಗಳ ಉಪ್ಪರಿಗೆಗೆ ಇರುವುದು ಮರದ ತೊಲೆ, ಮರದ ಹಲಗೆ. ಅಲ್ಲಿ ದೊಡ್ಡ ತೊಟ್ಟಿ ಬೇಡವೇ ಬೇಡ. ನೆಲದಂತಸ್ತೇ ಕ್ಷೇಮ. ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುವುದರಿಂದ ಕಿಟಕಿಯ ಬದಿ ಸಲ್ಲದು. ಆಷಾಢದ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಗಾಳಿಯೂದುವ ಯಂತ್ರವನ್ನೇ ನಂಬಿ ಕೂರುವಂತಿಲ್ಲ. ಅಗಲ ಮೇಲ್ಮೈ, ಹೆಚ್ಚು ನೀರು, ಕಡಿಮೆ ಮೀನು ಇದ್ದರೆ ಅಂಥ ದಿನಗಳನ್ನು ದಾಟಬಹುದು. ಸಾಮಾನ್ಯ ಕುಟುಂಬಕ್ಕೆ ಮೂರರಿಂದ ನಾಲ್ಕಡಿಯ ತೊಟ್ಟಿ ಹದವಾದ ಅಳತೆ ಎನ್ನಬಹುದು.

ಕೊನೆಯದಾಗಿ, ತೊಟ್ಟಿಗೆ ಬರುವ ಮೀನು ಎಲ್ಲಿಯದು? ಕೆಂಪು ಪಟ್ಟಿಯ 'ಮಿಸ್ ಕೇರಳ' ಮೀನು ಪಶ್ಚಿಮ ಘಟ್ಟದ ಹೊಳೆಗಳದೇ. 1865ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟರು. ಜಗತ್ತಿನ ತೊಟ್ಟಿಗಳಿಗಾಗಿ ಹೊಳೆಯಿಂದ ಹಿಡಿದು ಹಿಡಿದು, ಅದು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಗಾಸ್ ಕಂಡ ಕಡಲ ದಂಡೆಯ ಕಥೆಯೇ ಇಲ್ಲಿಯೂ. ಸಾಕುವವರು ಕೇಂದ್ರಗಳಲ್ಲಿ ಮರಿ ಮಾಡಿಸಿದ ಮೀನನ್ನೇ ಕೇಳಿ ಕೊಂಡರೆ ಹೊಳೆಯ ಮೇಲಿನ ಹೊರೆ ಇಳಿದೀತು.

ಶೃಂಗೇರಿಯ ಮಡುವಿನಲ್ಲಿ ಕಾಣಸಿಗುವ ಮಹಶೀರ್ ಜಾತಿಯ ಮೀನು ಮೀಟರಿಗೂ ಮೀರಿ ಬೆಳೆಯಬಲ್ಲದು. ಅದಕ್ಕೆ ಸರಿಹೊಂದುವ ಗಾಜಿನ ತೊಟ್ಟಿ ಯಾವ ಮನೆಯಲ್ಲೂ ಇಲ್ಲ. ಮಗುವಿಗೆ ಅದನ್ನು ತೋರಿಸಲು ತುಂಗೆಯ ಮೆಟ್ಟಿಲೇ ತಕ್ಕ ಜಾಗ.