ಬೂದಿದಿಬ್ಬ

ಬೂದಿದಿಬ್ಬಗಳು ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿ ಜನರು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದ ಬೂದಿಯ ಗುಡ್ಡೆಗಳು. ಇವುಗಳ ಕಾಲ ಸ್ಥೂಲವಾಗಿ ಕ್ರಿ.ಪೂ. 3000ರಿಂದ 1200ರವರೆಗೆ. ಇವುಗಳಲ್ಲಿ ಮೆತ್ತನೆಯ ಬೂದಿಯ ಪದರಗಳ ಜೊತೆಗೆ ಗಾಜಿನಂತೆ ಕರಗಿ ಗಟ್ಟಿಯಾದ, ರಂಧ್ರಗಳುಳ್ಳ ಹೆಂಟೆಗಳೂ ಸಿಗುತ್ತವೆ. ಸಗಣಿಯ ಬೂದಿ ಗುಡ್ಡವಾಗಬಲ್ಲದು, ಕಿಟ್ಟದಂತೆ ಕರಗಬಲ್ಲದು ಎಂಬ ಮಾತು ಮೊದಲ ಕೇಳಿಕೆಗೆ ನಂಬುವಂತಿಲ್ಲ. ಈ ಅಭಿಪ್ರಾಯವು ವಿದ್ವಾಂಸರಲ್ಲಿ ನೆಲೆಗೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ವ್ಯಾಪ್ತಿ

ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳು ಈವರೆಗೆ ಗುರುತಿಸಲ್ಪಟ್ಟಿವೆ. ಕರ್ನಾಟಕದ ಬಳ್ಳಾರಿ, ರಾಯಚೂರು ಮತ್ತು ಯಾದಗಿರಿ ಸೀಮೆಗಳಲ್ಲಿಯೂ ಇವುಗಳಿಗೆ ಹೊಂದಿಕೊಂಡ ಆಂಧ್ರ, ತೆಲಂಗಾಣದ ಭಾಗಗಳಲ್ಲಿಯೂ ಇವು ಹರಡಿವೆ. ಬಳ್ಳಾರಿ ಸಮೀಪದ ಕುಡತಿನಿ, ಹಂಪಿ ಬಳಿಯ ನಿಂಬಾಪುರ, ಸುರಪುರ ಸೀಮೆಯ ಕೊಡೇಕಲ್ ಮತ್ತು ಬೂದಿಹಾಳ ಪ್ರಸಿದ್ಧ ನೆಲೆಗಳು.

ಐತಿಹ್ಯಗಳು ಮತ್ತು ಹಳೆಯ ಊಹೆಗಳು

ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ಹೇಳುತ್ತಾರೆ. ಪಾಶ್ಚಾತ್ಯ ವಿದ್ವಾಂಸರಲ್ಲಿ ಇವುಗಳ ಬಗ್ಗೆ ಮೊದಲಿಗೆ ಬರೆದವರಲ್ಲಿ ನ್ಯೂಬೋಲ್ಡ್ ಒಬ್ಬ. ಅವನ 1836ರ ಟಿಪ್ಪಣಿಯ ಶೀರ್ಷಿಕೆಯಲ್ಲಿ ಈ ಹೆಂಟೆಗಳು ಜ್ವಾಲಾಮುಖಿಯ ಕಿಟ್ಟವೆನಿಸಿಕೊಂಡಿವೆ. 1843ರ ಲೇಖನದ ಶೀರ್ಷಿಕೆಯಲ್ಲಿ ಅವು ಕೇವಲ ಪ್ರಾಚೀನ ಬೂದಿದಿಬ್ಬಗಳು. ಲೋಹ ಕರಗಿಸಿದ ಕುಲುಮೆಗಳ ಕಸ, ವಿಜಯನಗರ ಕಾಲದ ಸಾಮೂಹಿಕ ಚಿತೆಗಳ ಅವಶೇಷ ಎಂಬ ಊಹೆಗಳೂ ಇದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ನವಶಿಲಾಯುಗದ ದನದ ದೊಡ್ಡಿಗಳ ಸುಟ್ಟ ಸಗಣಿಯೆಂದು ವಾದಿಸಿದನು. ಆದರೂ ಚರ್ಚೆ ನಿಲ್ಲಲಿಲ್ಲ.

ಊಹೆಗಳ ಪರೀಕ್ಷೆ

ಪ್ರತಿಯೊಂದು ಊಹೆಯೂ ತನ್ನದೇ ಆದ ಕುರುಹನ್ನು ನಿರೀಕ್ಷಿಸುತ್ತದೆ. ಆ ಕುರುಹು ನೆಲದಲ್ಲಿ ಇದೆಯೇ ಎಂದು ನೋಡುವುದೇ ಪರೀಕ್ಷೆ.

ಜ್ವಾಲಾಮುಖಿ: ಸುರಪುರ ಸೀಮೆಯ ಉತ್ತರ ಭಾಗದಲ್ಲಿ ದಖ್ಖನಿನ ಲಾವಾ ಶಿಲೆ ಇರುವುದು ನಿಜ. ಆದರೆ ಅದು ಸುಮಾರು ಆರೂವರೆ ಕೋಟಿ ವರ್ಷ ಹಳೆಯದು. ಬೂದಿಯ ಪದರಗಳ ನಡುವೆಯಾದರೋ ಮಡಕೆ ಚೂರು, ದನದ ಮೂಳೆ, ಕಲ್ಲಿನ ಆಯುಧಗಳು ದೊರೆಯುತ್ತವೆ. ಬಳ್ಳಾರಿಯ ದಿಬ್ಬಗಳಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಾಡಿನಲ್ಲಿ.

ಲೋಹದ ಕುಲುಮೆ: ದಿಬ್ಬಗಳ ಬಹುಪಾಲು ಈ ನಾಡಿನಲ್ಲಿ ಕಬ್ಬಿಣದ ಬಳಕೆ ಆರಂಭವಾಗುವುದಕ್ಕಿಂತ ಹಿಂದಿನದು.

ಚಿತೆ: ಸಾಮೂಹಿಕ ದಹನವಾಗಿದ್ದರೆ ಸುಟ್ಟ ಮಾನವ ಮೂಳೆಗಳು ಹೇರಳವಾಗಿ ಸಿಗಬೇಕು. ದೊರೆತ ಮೂಳೆಗಳು ಮುಖ್ಯವಾಗಿ ದನಗಳವು. ವಿಜಯನಗರದ ಕಾಲವಂತೂ ದಿಬ್ಬಗಳ ಕಾಲಕ್ಕಿಂತ ಸಾವಿರಾರು ವರ್ಷ ಈಚಿನದು.

ಸಗಣಿ: 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಉತ್ಖನನ ನಡೆಸಿದಾಗ ಬೇಲಿಗೂಟಗಳ ಕುಳಿಗಳು ಮತ್ತು ದನಗಳ ಗೊರಸಿನ ಗುರುತುಗಳು ಬೆಳಕಿಗೆ ಬಂದವು. ಲಂಡನ್ನಿನ ಜ಼ಾಯ್ನರ್ ಬಳ್ಳಾರಿ ಭಾಗದ ಮಾದರಿಗಳನ್ನು ಪರಿಶೀಲಿಸಿ 1960ರಲ್ಲಿ ಪ್ರಕಟಿಸಿದ ಲೇಖನವೂ ಸಗಣಿಯ ಮೂಲವನ್ನೇ ಸಮರ್ಥಿಸಿತು.

ಸಗಣಿ ಗಾಜಿನಂತಾಗುವ ಬಗೆ

ಉತ್ತರ ಕರ್ನಾಟಕದಲ್ಲಿ ಸಗಣಿಗೆ ಹೆಂಡಿ ಎನ್ನುತ್ತಾರೆ. ಅದರಿಂದ ತಟ್ಟಿದ ಕುಳ್ಳು ಒಲೆಯಲ್ಲಿ ಉರಿದರೆ ಉಳಿಯುವುದು ಪುಡಿಬೂದಿ ಮಾತ್ರ, ಅದು ಕರಗುವುದಿಲ್ಲ. ಹಾಗಾದರೆ ದಿಬ್ಬದಲ್ಲಿ ಕರಗಿದ್ದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದು. ಹುಲ್ಲು ನೆಲದಿಂದ ಸಿಲಿಕಾವನ್ನು ಹೀರಿ ತನ್ನ ಜೀವಕೋಶಗಳಲ್ಲಿ ಸೂಕ್ಷ್ಮ ಕಣಗಳಾಗಿ ಕೂಡಿಡುತ್ತದೆ. ದನದ ಹೊಟ್ಟೆಯಲ್ಲಿ ಅದು ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತದೆ. ಶುದ್ಧ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬೂದಿಯಲ್ಲಿರುವ ಪೊಟ್ಯಾಸಿಯಂ ಮುಂತಾದ ಕ್ಷಾರಗಳು ಬೆರೆತಾಗ ಅದು ಬಹಳ ಕಡಿಮೆ ಉಷ್ಣತೆಯಲ್ಲೇ ಕರಗತೊಡಗುತ್ತದೆ. ಒಲೆಯ ಬೆಂಕಿ ಚಿಕ್ಕದು, ಬೇಗ ಆರುವಂಥದು. ದೊಡ್ಡ ರಾಶಿಯಾದರೆ ಒಳಗೊಳಗೇ ದೀರ್ಘಕಾಲ ಉರಿಯುತ್ತದೆ, ಮೇಲಿನ ಬೂದಿಯ ಹೊದಿಕೆ ಕಾವನ್ನು ಹೊರಬಿಡುವುದಿಲ್ಲ. ವ್ಯತ್ಯಾಸವಿರುವುದು ಪ್ರಮಾಣ ಮತ್ತು ಅವಧಿಯಲ್ಲಿ.

ಸುರಪುರ ಸೀಮೆಯ ಶೋಧಗಳು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ ದೋಆಬಿನಲ್ಲಿ ಕಕ್ಕೇರಾ, ಕೊಡೇಕಲ್, ಹುಣಸಗಿ ಮೊದಲಾದ ಊರುಗಳಿವೆ. ಕನ್ನಡ ಓದುಗರಿಗೆ ಕೊಡೇಕಲ್ ಬಸವಣ್ಣನ ಮೂಲಕ ಪರಿಚಿತವಾದ ಕೊಡೇಕಲ್ಲಿನ ಬೂದಿದಿಬ್ಬವನ್ನು ಪುರಾತತ್ತ್ವಜ್ಞ ಕೆ. ಪದ್ದಯ್ಯ 1960ರ ದಶಕದಲ್ಲಿ ಅಗೆದು ಪರಿಶೀಲಿಸಿದರು. ರೇಡಿಯೋ ಇಂಗಾಲ ಕಾಲಮಾಪನದ ಪ್ರಕಾರ ಅದು ಅತ್ಯಂತ ಹಳೆಯ ಬೂದಿದಿಬ್ಬಗಳಲ್ಲೊಂದು.

ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಅವರು 1980ರ ದಶಕದ ಕೊನೆ ಹಾಗೂ 1990ರ ದಶಕದಲ್ಲಿ ಬೂದಿಹಾಳದಲ್ಲಿ ನಡೆಸಿದ ಉತ್ಖನನ ಇನ್ನೂ ಮಹತ್ವದ್ದು. ಅಲ್ಲಿ ದಿಬ್ಬದ ಪಕ್ಕದಲ್ಲೇ ವಾಸದ ನೆಲೆ, ದನದ ದೊಡ್ಡಿ, ಪ್ರಾಣಿಗಳನ್ನು ಕಡಿದು ಮಾಂಸ ಹಂಚಿದ ವಿಶಾಲ ನೆಲಗಟ್ಟು ಮತ್ತು ಮಕ್ಕಳ ಸಮಾಧಿಗಳು ದೊರೆತವು. ದಿಬ್ಬಗಳು ಊರಾಚೆಯ ಬರೀ ದೊಡ್ಡಿಗಳಲ್ಲ, ಜನವಸತಿಯ ಭಾಗವೇ ಎಂಬುದಕ್ಕೆ ಇದು ಬಲವಾದ ಆಧಾರವಾಯಿತು.

ಉಳಿದ ಪ್ರಶ್ನೆಗಳು

ಸುಟ್ಟದ್ದು ಸಗಣಿ ಎಂಬುದು ಇತ್ಯರ್ಥವಾಗಿದೆ. ಏಕೆ ಸುಟ್ಟರು ಎಂಬುದು ಆಗಿಲ್ಲ. ಇಂದಿನ ರೈತನಿಗೆ ತಿಪ್ಪೆಗೊಬ್ಬರವನ್ನು ಬೂದಿ ಮಾಡುವುದು ನಷ್ಟದ ಕೆಲಸ. ಆಗಿನವರೂ ಕೇವಲ ದನಗಾಹಿಗಳಾಗಿರಲಿಲ್ಲ: ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಕೊರಲೆ, ಹುರುಳಿ, ಹೆಸರುಕಾಳುಗಳ ಅವಶೇಷಗಳು ಸಿಕ್ಕಿವೆ. ಆಲ್ಚಿನ್ ಈ ಸುಡುವಿಕೆಯನ್ನು ಹೋಳಿ, ದೀಪಾವಳಿಯಂತಹ ಬೆಂಕಿಯ ಹಬ್ಬಗಳೊಂದಿಗೆ ಹೋಲಿಸಿದರು. ಪದ್ದಯ್ಯನವರು ದಿನನಿತ್ಯದ ಕಸವಿಲೇವಾರಿಗೆ ಹೆಚ್ಚು ಒತ್ತು ಕೊಟ್ಟರು. ಎರಡೂ ಕಾರಣಗಳು ಕೂಡಿದ್ದಿರಬಹುದೆಂಬ ಅಭಿಪ್ರಾಯವೂ ಇದೆ.

ಸಂರಕ್ಷಣೆ

ಹಲವು ದಿಬ್ಬಗಳ ಬೂದಿಯನ್ನು ಗೊಬ್ಬರವೆಂದು ಹೊಲಗಳಿಗೆ ಸಾಗಿಸಲಾಗಿದೆ. ಕೆಲವು ಹೊಲ ಸಮತಟ್ಟು ಮಾಡುವಾಗ ಕರಗಿಹೋಗಿವೆ. ದಿಬ್ಬದ ಮಾಹಿತಿ ಇರುವುದು ಬೂದಿಯಲ್ಲಿ ಮಾತ್ರವಲ್ಲ, ಪದರಗಳು ಒಂದರ ಮೇಲೊಂದು ಕುಳಿತ ಕ್ರಮದಲ್ಲಿಯೂ ಇದೆ. ಯಾವ ಋತುವಿನಲ್ಲಿ ಸುಟ್ಟರು, ಎಷ್ಟು ವರ್ಷಕ್ಕೊಮ್ಮೆ ಸುಟ್ಟರು, ದನಗಳು ಏನು ಮೇಯುತ್ತಿದ್ದವು ಎಂಬ ಪ್ರಶ್ನೆಗಳಿಗೆ ಸಸ್ಯಕಣಗಳ ಮತ್ತು ಪದರಗಳ ಸೂಕ್ಷ್ಮದರ್ಶಕ ಪರೀಕ್ಷೆಯಿಂದ ಉತ್ತರ ಹುಡುಕಬೇಕಾದರೆ ಕದಡದ ಪದರಗಳು ಉಳಿದಿರಬೇಕು. ಒಮ್ಮೆ ಕದಡಿದ ದಿಬ್ಬವನ್ನು ಮತ್ತೆ ಪರೀಕ್ಷಿಸಲಾಗದು.